ಎರಡು ಇಪ್ಪತ್ತು ಅಂದರೆ ಎಷ್ಟು?

ಮಕ್ಕಳೇ, ಈ ವಾರದ ಲೆಕ್ಕಕ್ಕೆ ಪಠ್ಯಪುಸ್ತಕ ಬೇಡ, ಮನೆಯ ಪಹಣಿ ಬೇಕು. ಹೊಲವಿರುವ ಮನೆಗಳಲ್ಲಿ ಅದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಟ್ರಂಕಿನ ತಳದಲ್ಲೋ ದೇವರ ಗೂಡಿನ ಪಕ್ಕದಲ್ಲೋ, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿರುತ್ತಾರೆ. ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಕೈಗೆ ಅದನ್ನು ಸ್ವಲ್ಪ ಹೊತ್ತು ಕೊಡಿ. ಅವರು ಕೈ ತೊಳೆದುಕೊಂಡು ಬಂದ ಮೇಲೆ ಕೊಟ್ಟರೆ ಇನ್ನೂ ಒಳ್ಳೆಯದು.

ಮಸ್ಕಿ ಕಡೆಯ ಒಂದು ಮನೆ ಎಂದುಕೊಳ್ಳೋಣ. ಪಹಣಿಯಲ್ಲಿ ವಿಸ್ತೀರ್ಣದ ಕಡೆ 2.20 ಎಂದಿದೆ. ಎಂಟನೆಯ ತರಗತಿಯ ಮೊಮ್ಮಗಳು ಅದನ್ನು ಹಿಡಿದು ಕೇಳುತ್ತಾಳೆ.

“ತಾತ, ನಮ್ಮ ಹೊಲ ಎಷ್ಟ್ ಐತಿ?”

“ಎರಡೂವರಿ ಎಕರೆ ಐತವ್ವ.”

“ಇಲ್ಲಿ ಎರಡು ಪಾಯಿಂಟ್ ಎರಡು ಅಂತ ಐತಲ್ಲ? ಎರಡೂವರಿ ಇದ್ರ 2.50 ಅಂತ ಇರಬೇಕಿತ್ತು.”

“ನಿನ್ನ ಪಾಯಿಂಟು ನಂಗೊತ್ತಿಲ್ಲವ್ವ. ಹೊಲ ಮಾತ್ರ ಎರಡೂವರಿನ.”

ತಾತ ಹೇಳಿದ್ದೇ ಸರಿ. ಮೊಮ್ಮಗಳು ಶಾಲೆಯಲ್ಲಿ ಕಲಿತದ್ದೂ ತಪ್ಪಲ್ಲ. ಪಹಣಿಯ ಆ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ, ಅಷ್ಟೇ. ಅದು ಎರಡು ಹೊಲಗಳ ನಡುವಿನ ಬದು ಇದ್ದ ಹಾಗೆ. ಬದುವಿನ ಈಚೆ ಎಕರೆ, ಆಚೆ ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ 20 ಗುಂಟೆ ಅಂದರೆ ಅರ್ಧ ಎಕರೆ, 2.20 ಅಂದರೆ ಎರಡೂವರೆ. ನಂಬಿಕೆ ಬಾರದಿದ್ದರೆ ಊರಿನ ನಾಲ್ಕಾರು ಪಹಣಿ ಒಟ್ಟಿಗೆ ಇಟ್ಟು ನೋಡಿ. ಬದುವಿನ ಆಚೆ 39ಕ್ಕಿಂತ ದೊಡ್ಡ ಅಂಕಿ ಸಿಗುವುದಿಲ್ಲ. 1.39 ಆದ ಮೇಲೆ ಒಂದು ಗುಂಟೆ ಕೂಡಿದರೆ 2.00 ಬರುತ್ತದೆ.

ಇನ್ನೊಂದು ಮಜಾ ಕೇಳಿ. ನಮ್ಮ ರಾಯಚೂರು ಜಿಲ್ಲೆಯಿಂದ ತುಂಗಭದ್ರೆ ದಾಟಿ ಮಂತ್ರಾಲಯಕ್ಕೆ ಹೋದರೆ ಆಂಧ್ರ ಪ್ರದೇಶ. ಅಲ್ಲಿ ಗುಂಟೆಯ ಮಾತಿಲ್ಲ, ಸೆಂಟಿನ ಮಾತು. ಎಕರೆಗೆ 100 ಸೆಂಟು. ಅಲ್ಲಿಯ ಕಾಗದದಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಸೆಂಟು, ನಮ್ಮ ಲೆಕ್ಕದಲ್ಲಿ 2 ಎಕರೆ 8 ಗುಂಟೆ. ಹೊಳೆಯ ಈ ದಡಕ್ಕೂ ಆ ದಡಕ್ಕೂ ಒಂದೇ ಅಂಕಿಯಲ್ಲಿ 12 ಗುಂಟೆ ವ್ಯತ್ಯಾಸ. ಹನ್ನೆರಡು ಗುಂಟೆಯಲ್ಲಿ ಮೂವತ್ತು ನಲವತ್ತರ ಸೈಟು ಹತ್ತು ಮಾಡಿ ಇನ್ನೂ ಜಾಗ ಉಳಿಯುತ್ತದೆ! ಮಂಗಳೂರು, ಕಾಸರಗೋಡು ಕಡೆಯ ಓದುಗರಿಗೂ ಸೆಂಟೇ ರೂಢಿ. ತೆಲಂಗಾಣದಲ್ಲಿ ಮಾತ್ರ ನಮ್ಮ ಹಾಗೆಯೇ ಗುಂಟೆ. ನಾವೂ ಅವರೂ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಒಟ್ಟಿಗೆ ಇದ್ದವರಲ್ಲವೇ?

ಅಂಕಿಯ ಪಕ್ಕದಲ್ಲಿ ಹೆಸರು ಇಲ್ಲದಿದ್ದರೆ ಹೀಗೆ ಆಗುತ್ತದೆ. ಇದಕ್ಕೆ ಮಸ್ಕಿಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಬೇರೆ ಬೇರೆ ಊರುಗಳ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಎಂಬ ರಾಜನ ಮಾತುಗಳಿದ್ದವು. ದೇವರಿಗೆ ಪ್ರಿಯನಾದವನು ಅಂದರೆ ಯಾರು? ಅಶೋಕನೇ ಇರಬೇಕು ಎಂದು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದ ಮೇಲೆ ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬೆಟ್ಟದಲ್ಲಿ ಒಂದು ಶಾಸನ ಕಂಡರು. ಅದರಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಅಲ್ಲಿಗೆ ಗಟ್ಟಿ ಸಾಕ್ಷಿ ಸಿಕ್ಕಿತು. 2.20 ಎಂಬುದು ಬರೀ ಬಿರುದು ಇದ್ದ ಹಾಗೆ. ‘2 ಎಕರೆ 20 ಗುಂಟೆ’ ಎಂದು ಬರೆದಾಗ ಹೆಸರು ಬಂತು.

ಸರಿ, ಗುಂಟೆ ಅಂದರೆ ಎಷ್ಟು ದೊಡ್ಡದು? ಇದನ್ನು ತಿಳಿಯಲು ಕ್ರಿಕೆಟ್ ಮೈದಾನಕ್ಕೆ ಹೋಗೋಣ. ಈ ಕಡೆಯ ಸ್ಟಂಪಿನಿಂದ ಆ ಕಡೆಯ ಸ್ಟಂಪಿಗೆ 22 ಗಜ, ಅಂದರೆ 66 ಅಡಿ. ಇಷ್ಟೇ ಉದ್ದದ ಒಂದು ಸರಪಳಿಯನ್ನು 1620ರ ಸುಮಾರಿಗೆ ಇಂಗ್ಲೆಂಡಿನ ಎಡ್ಮಂಡ್ ಗಂಟರ್ ಎಂಬ ಪಾದ್ರಿ ಭೂಮಿ ಅಳೆಯಲು ಬಳಕೆಗೆ ತಂದರು. ಅವರು ಗಣಿತ ಪಂಡಿತರೂ ಆಗಿದ್ದರು. ಉದ್ದಕ್ಕೆ ಹತ್ತು ಸರಪಳಿ, ಅಗಲಕ್ಕೆ ಒಂದು ಸರಪಳಿ ಹಾಕಿದರೆ ಸರಿಯಾಗಿ ಒಂದು ಎಕರೆ. ನಮ್ಮ ಸರ್ವೆಯಲ್ಲಿ ಅದರ ಅರ್ಧದ ಸರಪಳಿ ಬಳಕೆಗೆ ಬಂತು, 33 ಅಡಿಯದು. ಆ ಸರಪಳಿಯನ್ನು ನಾಲ್ಕೂ ಬದಿಗೆ ಹಾಕಿದ ಚೌಕವೇ ಗುಂಟೆ. 33 ಅಡಿ × 33 ಅಡಿ, 1089 ಚದರ ಅಡಿ.

ಅಂದರೆ ಅರ್ಧ ಪಿಚ್ಚಿನ ಉದ್ದ ಒಂದು ಬದಿಯಾಗಿ ಚೌಕ ಎಳೆದರೆ ಒಂದು ಗುಂಟೆ. ಇಡೀ ಪಿಚ್ಚಿನ ಉದ್ದ ಬದಿಯಾಗಿ ಚೌಕ ಎಳೆದರೆ ಎಷ್ಟು ಗುಂಟೆ? “ಎರಡು” ಎಂದು ತಟ್ಟನೆ ಹೇಳಿದವರು ಸುಣ್ಣದ ಪುಡಿ ತೆಗೆದುಕೊಂಡು ಮೈದಾನಕ್ಕೆ ಹೋಗಿ ಗೆರೆ ಹಾಕಿ ನೋಡಿ. ನಾಲ್ಕು ಚೌಕ ಬರುತ್ತವೆ. ಬದಿ ಎರಡು ಪಟ್ಟು ಆದರೆ ಜಾಗ ನಾಲ್ಕು ಪಟ್ಟು, ಯಾಕೆಂದರೆ ಉದ್ದವೂ ಬೆಳೆಯಿತು, ಅಗಲವೂ ಬೆಳೆಯಿತು. ವಿಸ್ತೀರ್ಣದ ಎಲ್ಲ ಎಡವಟ್ಟಿಗೂ ಇದೇ ಬೇರು. ಮೀಟರಿಗೆ 100 ಸೆಂಟಿಮೀಟರ್, ಆದರೆ ಚದರ ಮೀಟರಿಗೆ 10,000 ಚದರ ಸೆಂಟಿಮೀಟರ್. ಇದನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯ ದಿನ ಮರೆಯುತ್ತಾರೆ. ಗೆರೆ ಎಳೆದು ಎಣಿಸಿದವರು ಅಷ್ಟು ಬೇಗ ಮರೆಯುವುದಿಲ್ಲ.

ಈಗ ಸೈಟಿನ ಲೆಕ್ಕ. ಮೂವತ್ತು ನಲವತ್ತರ ಸೈಟು, 1200 ಚದರ ಅಡಿ. ಕಾಗದಪತ್ರಕ್ಕೆ ಚದರ ಮೀಟರಿನಲ್ಲಿ ಬೇಕು. ಒಂದು ಅಡಿ ಅಂದರೆ 0.3048 ಮೀಟರ್, ಇದು 1959ರಲ್ಲಿ ಇಂಗ್ಲಿಷ್ ಅಳತೆ ಬಳಸುವ ದೇಶಗಳು ಕೂಡಿ ಒಪ್ಪಿದ ಅಳತೆ. ಮೊಬೈಲಿನಲ್ಲಿ 1200 × 0.3048 ಒತ್ತಿದರೆ 365.76 ಬರುತ್ತದೆ. ‘365.76 ಚದರ ಮೀಟರ್’ ಎಂದು ಬರೆದುಬಿಟ್ಟರೆ ಸೈಟು ಮೂರು ಪಟ್ಟಿಗಿಂತ ಹೆಚ್ಚು ಬೆಳೆದುಬಿಟ್ಟಿತು. ಹಾಗೆ ಬೆಳೆಯುವ ಸೈಟು ಎಲ್ಲಿದೆ ಹೇಳಿ, ನಾನೂ ಒಂದು ಕೊಳ್ಳುತ್ತೇನೆ.

ತಪ್ಪು ಎಲ್ಲಿ ಆಯಿತು ಎಂದು ಹುಡುಕಲು ಅಂಕಿಯ ಜೊತೆ ಹೆಸರನ್ನೂ ಬರೆಯೋಣ. ‘ಚದರ ಅಡಿ’ ಎನ್ನುವುದನ್ನು ಬಿಡಿಸಿ ‘ಅಡಿ × ಅಡಿ’ ಎಂದು ಬರೆಯಿರಿ. 0.3048 ಎಂಬುದು ಅಡಿಯಿಂದ ಮೀಟರಿಗೆ ಹೋಗುವ ಸೇತುವೆ: ಮೇಲೆ ಮೀಟರ್, ಕೆಳಗೆ ಅಡಿ.

1200 ಅಡಿ × ಅಡಿ × (0.3048 ಮೀ / 1 ಅಡಿ) = 365.76 ಅಡಿ × ಮೀ

ಮೇಲಿನ ಒಂದು ಅಡಿಯನ್ನೂ ಕೆಳಗಿನ ಒಂದು ಅಡಿಯನ್ನೂ ಹೊಡೆದುಹಾಕಿ, ಭಿನ್ನರಾಶಿಯಲ್ಲಿ ಅಂಕಿಗಳನ್ನು ಹೊಡೆಯುವ ಹಾಗೆಯೇ. ಇನ್ನೊಂದು ಅಡಿ ಮೇಲೆಯೇ ಉಳಿಯಿತು! ಅದಕ್ಕೂ ಒಂದು ಸೇತುವೆ ಬೇಕು.

1200 ಅಡಿ × ಅಡಿ × (0.3048 ಮೀ / 1 ಅಡಿ) × (0.3048 ಮೀ / 1 ಅಡಿ) = 111.48 ಮೀ × ಮೀ

111.48 ಚದರ ಮೀಟರ್. ಭೌತವಿಜ್ಞಾನದಲ್ಲಿ ಇದಕ್ಕೆ ಆಯಾಮ ವಿಶ್ಲೇಷಣೆ ಎಂಬ ದೊಡ್ಡ ಹೆಸರಿದೆ. ಕೆಲಸ ಸಣ್ಣದು: ಅಂಕಿಯ ಪಕ್ಕ ಅಳತೆಯ ಹೆಸರು ಬರೆಯುವುದು, ಮೇಲೆ ಕೆಳಗೆ ಒಂದೇ ಹೆಸರು ಬಂದರೆ ಹೊಡೆಯುವುದು, ಕೊನೆಗೆ ಉಳಿದ ಹೆಸರು ನಮಗೆ ಬೇಕಾದದ್ದೇ ಹೌದೋ ಎಂದು ನೋಡುವುದು. ಸೇತುವೆಯನ್ನು ತಲೆಕೆಳಗು ಹಾಕಿದರೂ ಹೆಸರು ಚಾಡಿ ಹೇಳುತ್ತದೆ. ಎರಡೂವರೆ ಎಕರೆಯನ್ನು ಗುಂಟೆ ಮಾಡಲು ಹೋಗಿ 40ರಿಂದ ಭಾಗಿಸಿದಿರಿ ಎನ್ನಿ. ‘ಎಕರೆ × ಎಕರೆ / ಗುಂಟೆ’ ಎಂಬ ಯಾರೂ ಕೇಳದ ಅಳತೆ ಉಳಿಯುತ್ತದೆ. ಲೆಕ್ಕ ತಪ್ಪಿದ್ದು ಗುರುಗಳು ನೋಡುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ಆದರೆ ಆ 365.76 ಅಡಿ-ಮೀಟರನ್ನು ಅಷ್ಟು ಬೇಗ ಕಸಕ್ಕೆ ಹಾಕಬೇಡಿ. ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ. ಶಹಾಬಾದಿನ ಕಲ್ಲನ್ನು ಒಂದು ಅಡಿ ಅಗಲ, ಒಂದು ಮೀಟರ್ ಉದ್ದಕ್ಕೆ ಕೊಯ್ಯಿಸಿದ್ದೀರಿ ಎಂದುಕೊಳ್ಳಿ. ಆ ಸೈಟಿಗೆಲ್ಲ ಹಾಸಲು ಅಂಥ ಕಲ್ಲು ಎಷ್ಟು ಬೇಕು? ಸುಮಾರು 366! ಅಂದರೆ ಅಂಕಿ ತಪ್ಪಾಗಿರಲಿಲ್ಲ. ಅದರ ಹೆಸರು ‘ಅಡಿ-ಮೀಟರ್’ ಎಂದಿತ್ತು, ನಾವು ಅದಕ್ಕೆ ‘ಚದರ ಮೀಟರ್’ ಎಂಬ ಬೇರೆ ಮನೆಯ ಹೆಸರು ಇಟ್ಟೆವು.

ಇಂಥ ಮಿಶ್ರ ಅಳತೆ ಯಾರಾದರೂ ಬಳಸುತ್ತಾರೆಯೇ ಎಂದು ಕೇಳುತ್ತೀರಾ? ನಿಮ್ಮ ಪಹಣಿಯಲ್ಲೇ ಇದೆ. ವಿಸ್ತೀರ್ಣದಲ್ಲಿ ಎಕರೆ, ಗುಂಟೆ ಆದ ಮೇಲೆ ಇನ್ನೊಂದು ಮನೆ ಇರುತ್ತದೆ, ಅದು ಆಣೆ. ಗುಂಟೆಗೆ 16 ಆಣೆ. ಎಪ್ಪತ್ತೈದು ದಾಟಿದ ಅಜ್ಜ ಅಜ್ಜಿಯರಿಗೆ ಆಣೆ ಚೆನ್ನಾಗಿ ಗೊತ್ತು. ರೂಪಾಯಿಗೂ 16 ಆಣೆಯೇ ಇತ್ತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಬಂದು ದುಡ್ಡಿನ ಆಣೆ ಹೋಯಿತು. ಹೊಲದ ಆಣೆ ಮಾತ್ರ ಹಾಗೆಯೇ ಕೂತಿದೆ.

ಈ ಆಣೆಯಲ್ಲಿ ಒಂದು ತಮಾಷೆ ಇದೆ. ಸರ್ವೆಯವರು 33 ಅಡಿಯ ಸರಪಳಿಯ ಉದ್ದವನ್ನೂ 16 ಭಾಗ ಮಾಡಿ ಒಂದೊಂದು ಭಾಗಕ್ಕೆ ಆಣೆ ಎಂದೇ ಕರೆದರು. ಅಂದರೆ ಉದ್ದದ ಆಣೆ ಒಂದು, ಜಾಗದ ಆಣೆ ಒಂದು. ಉದ್ದದ ಆಣೆ 33 ÷ 16, ಅಂದರೆ ಎರಡು ಅಡಿ ಮುಕ್ಕಾಲು ಇಂಚು. ಉದ್ದಕ್ಕೆ ಒಂದು ಆಣೆ, ಅಗಲಕ್ಕೆ ಒಂದು ಆಣೆ ಇರುವ ಚೌಕ ಜಾಗದ ಒಂದು ಆಣೆ ಆಗುತ್ತದೆಯೇ? ಇಲ್ಲ. ಒಂದು ಗುಂಟೆಯಲ್ಲಿ ಅಂಥ ಚೌಕ 16 × 16, ಅಂದರೆ 256 ಹಿಡಿಯುತ್ತವೆ. ಜಾಗದ ಆಣೆ ಅಂದರೆ ಗುಂಟೆಯಲ್ಲಿ ಹದಿನಾರನೆಯ ಒಂದು ಭಾಗ: ಉದ್ದಕ್ಕೆ ಇಡೀ ಸರಪಳಿ, ಅಗಲಕ್ಕೆ ಒಂದು ಆಣೆ ಇರುವ ಪಟ್ಟಿ. ಹೆಸರು ಬಿಡಿಸಿ ಬರೆದರೆ ‘ಸರಪಳಿ × ಆಣೆ’. ನಮ್ಮ ಅಡಿ-ಮೀಟರ್ ಕಲ್ಲಿನ ಅಣ್ಣ! ಹಿಂದಿನವರು ಮಿಶ್ರ ಅಳತೆಗೂ ಒಂದು ಹೆಸರು ಇಟ್ಟು ಬಳಸಿದರು. ಹೊಲದ ಪಕ್ಕ 10 ಸರಪಳಿ ಉದ್ದ, 8 ಆಣೆ ಅಗಲದ ಬಂಡಿದಾರಿ ಬಿಡಬೇಕಾದರೆ 10 × 8 = 80 ಆಣೆ ಜಾಗ, 16ರಿಂದ ಭಾಗಿಸಿದರೆ 5 ಗುಂಟೆ. ಕಾಗದ ಪೆನ್ಸಿಲ್ ಇಲ್ಲದೆ ಬದುವಿನ ಮೇಲೆ ನಿಂತೇ ಹೇಳಬಹುದಾದ ಲೆಕ್ಕ. ಹೆಸರು ಒಂದೇ ಆಗಿ ವಸ್ತು ಎರಡಾದದ್ದು ಮಾತ್ರ ಸ್ವಲ್ಪ ಕಷ್ಟ. ನನ್ನನ್ನು ಕೇಳಿದ್ದರೆ ಒಂದಕ್ಕೆ ಬೇರೆ ಹೆಸರು ಇಡಿ ಎನ್ನುತ್ತಿದ್ದೆ.

ಇಷ್ಟೆಲ್ಲ ಯಾಕೆ ಎಂದರೆ, ಸರ್ಕಾರದ ದರ ಹೆಕ್ಟೇರಿನಲ್ಲಿ ಬರುತ್ತದೆ. ಬದಿಗೆ 100 ಮೀಟರ್ ಇರುವ ಚೌಕ ಒಂದು ಹೆಕ್ಟೇರ್, 10,000 ಚದರ ಮೀಟರ್. 2022-23ರಿಂದ 2025-26ರ ಅವಧಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ವಿಪತ್ತು ಪರಿಹಾರದ ದರ ನೋಡಿ. ಬರ, ನೆರೆಯಿಂದ ಶೇಕಡಾ 33 ಅಥವಾ ಹೆಚ್ಚು ಬೆಳೆ ಹಾಳಾದರೆ ಮಳೆಯ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಹೊಲಕ್ಕೆ 17,000 ರೂಪಾಯಿ, ಒಬ್ಬರಿಗೆ 2 ಹೆಕ್ಟೇರ್‌ವರೆಗೆ. ಕಾಲುವೆ ನೀರಿನ ನಮ್ಮ ತಾತನ 2 ಎಕರೆ 20 ಗುಂಟೆಗೆ ಎಷ್ಟು ಬರಬೇಕು?

ಮೊದಲು ಗುಂಟೆಯನ್ನು ಮೀಟರಿಗೆ ತರೋಣ. 33 ಅಡಿ ಅಂದರೆ 33 × 0.3048, 10.0584 ಮೀಟರ್. ಅದರ ವರ್ಗ 101.17. ಒಂದು ಗುಂಟೆ 101.17 ಚದರ ಮೀಟರ್, ಅಂದರೆ ಹತ್ತು ಮೀಟರ್ ಹತ್ತು ಮೀಟರಿನ ಚೌಕಕ್ಕಿಂತ ಒಂದು ಚೂರು ದೊಡ್ಡದು. ಇದೊಂದನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು. ಈಗ ಸೇತುವೆಗಳನ್ನು ಸಾಲಾಗಿ ಕಟ್ಟಿ:

2.5 ಎಕರೆ × (40 ಗುಂಟೆ / 1 ಎಕರೆ) × (101.17 ಚ.ಮೀ / 1 ಗುಂಟೆ) × (1 ಹೆಕ್ಟೇರ್ / 10,000 ಚ.ಮೀ)

ಎಕರೆಗೆ ಎಕರೆ ಹೋಯಿತು, ಗುಂಟೆಗೆ ಗುಂಟೆ, ಚದರ ಮೀಟರಿಗೆ ಚದರ ಮೀಟರ್. ಉಳಿದದ್ದು ಹೆಕ್ಟೇರ್ ಒಂದೇ: 1.0117. ಪರಿಹಾರ ಸುಮಾರು 17,199 ರೂಪಾಯಿ. ಮೊಮ್ಮಗಳು ಓದಿದ ಹಾಗೆ 2.2 ಎಕರೆ ಎಂದು ಹಿಡಿದರೆ 0.8903 ಹೆಕ್ಟೇರ್, 15,135 ರೂಪಾಯಿ. ಒಂದು ಚುಕ್ಕಿಯನ್ನು ಬೇರೆಯಾಗಿ ಓದಿದ್ದಕ್ಕೆ 2,064 ರೂಪಾಯಿ ಕಡಿಮೆ. ನಾಟಿಗೆ ಬಂದ ಆಳುಗಳ ಕೂಲಿ ಬಾಕಿ ಇರುವ ಮನೆಗೆ ಅದು ಸಣ್ಣ ದುಡ್ಡಲ್ಲ. ಅರ್ಜಿ ತುಂಬುವಾಗ ಪಕ್ಕದಲ್ಲಿ ಲೆಕ್ಕ ಬಲ್ಲ ಒಬ್ಬ ಮೊಮ್ಮಗ ಅಥವಾ ಮೊಮ್ಮಗಳು ನಿಂತಿದ್ದರೆ ಒಳ್ಳೆಯದು. ಕಂಪ್ಯೂಟರಿಗೆ ‘2.2’ ಎಂದು ಕೊಟ್ಟರೆ ಅದು 2.2 ಎಂದೇ ತಿಳಿಯುತ್ತದೆ, ತಾತನನ್ನು ಕೇಳುವುದಿಲ್ಲ.

ಪಾಲು ಹಂಚುವಾಗಲೂ ಹೀಗೆಯೇ. 5 ಎಕರೆ 10 ಗುಂಟೆ ಹೊಲ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಮೂವರಿಗೂ ಸಮ ಪಾಲು. ಮೊಬೈಲಿನಲ್ಲಿ 5.10 ÷ 3 ಒತ್ತಿದರೆ 1.70 ಬರುತ್ತದೆ. ಒಂದು ಎಕರೆ ಎಪ್ಪತ್ತು ಗುಂಟೆ! ಎಪ್ಪತ್ತು ಗುಂಟೆಯಲ್ಲೇ ಇನ್ನೊಂದು ಎಕರೆ ಅಡಗಿದೆಯಲ್ಲ. ಹಳ್ಳಿಯ ಹಿರಿಯರು ಮೊದಲು ಎಲ್ಲವನ್ನೂ ಗುಂಟೆ ಮಾಡುತ್ತಾರೆ. ಐದು ನಲವತ್ತಲೆ ಇನ್ನೂರು, ಮೇಲೆ ಹತ್ತು, ಇನ್ನೂರ ಹತ್ತು. ಮೂರು ಪಾಲು ಮಾಡಿದರೆ ಎಪ್ಪತ್ತು ಗುಂಟೆ, ಅಂದರೆ ತಲಾ 1 ಎಕರೆ 30 ಗುಂಟೆ. ಅಜ್ಜ ಅಜ್ಜಿಯರೇ, ನೀವು ಬಾಯಲ್ಲೇ ಮಾಡುವ ಈ ಲೆಕ್ಕವನ್ನು ಒಮ್ಮೆ ನಿಧಾನವಾಗಿ, ಗಟ್ಟಿಯಾಗಿ ಮಾಡಿ ತೋರಿಸಿ. ಮಕ್ಕಳು ಅದನ್ನು ಸೇತುವೆ ಕಟ್ಟಿ ಬರೆಯಲಿ. ಇಬ್ಬರ ಉತ್ತರ ಕೂಡದಿದ್ದರೆ ಜಗಳಾಡಿ, ಆದರೆ ಊಟದ ಹೊತ್ತಿಗೆ ಮುಗಿಸಿ.

ಈ ವಾರದ ಮನೆಗೆಲಸ ಮೂರು. ಒಂದು, ಪರಿಹಾರದ ಮಿತಿ 2 ಹೆಕ್ಟೇರ್ ಎಂದೆನಲ್ಲ, ಅದನ್ನು ಎಕರೆ, ಗುಂಟೆ, ಆಣೆಯಲ್ಲಿ ಬರೆಯಿರಿ. ಐದು ಎಕರೆ ಇರುವವರ ಇಡೀ ಹೊಲ ಆ ಮಿತಿಯೊಳಗೆ ಬರುತ್ತದೆಯೇ, ಸ್ವಲ್ಪ ಹೊರಗೆ ಉಳಿಯುತ್ತದೆಯೇ ನೋಡಿ. ಎರಡು, ಉದ್ದಕ್ಕೆ 5 ಸರಪಳಿ, ಅಗಲಕ್ಕೆ 3 ಸರಪಳಿ 8 ಆಣೆ ಇರುವ ಹೊಲ ಎಷ್ಟು ಗುಂಟೆ, ಎಷ್ಟು ಆಣೆ? ಇಲ್ಲಿ ಯಾವ ಆಣೆ ಉದ್ದದ್ದು, ಯಾವ ಆಣೆ ಜಾಗದ್ದು ಎಂದು ಪಕ್ಕದಲ್ಲಿ ಬರೆಯಲೇಬೇಕು.

ಮೂರನೆಯದು ದೊಡ್ಡ ಮಕ್ಕಳಿಗೆ. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಇಷ್ಟು ಟಿಎಂಸಿ ನೀರು ಬಂತು ಎಂದು ಸಿಂಧನೂರು, ಮಸ್ಕಿಯ ಚಹಾ ಅಂಗಡಿಗಳಲ್ಲೆಲ್ಲ ಮಾತು. ಎಡದಂಡೆ ಕಾಲುವೆಯ ಭತ್ತವೆಲ್ಲ ಅದರ ಮೇಲೆ ನಿಂತಿದೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅಂದರೆ ಅಡಿ × ಅಡಿ × ಅಡಿ. ಅಷ್ಟು ನೀರನ್ನು ಒಂದು ಅಡಿ ಆಳಕ್ಕೆ ನಿಲ್ಲಿಸಿದರೆ ಎಷ್ಟು ಎಕರೆ ಮುಚ್ಚುತ್ತದೆ? ದಾರಿಯಲ್ಲಿ ಇಂಗಿ ಹೋಗುವುದನ್ನು ಸದ್ಯಕ್ಕೆ ಬಿಡಿ. ಮೂರು ಅಡಿಗಳಲ್ಲಿ ಒಂದನ್ನು ಆಳದಿಂದ ಭಾಗಿಸಿ ಹೊಡೆದುಹಾಕಿದರೆ ಚದರ ಅಡಿ ಉಳಿಯುತ್ತದೆ; ಅಲ್ಲಿಂದ ಎಕರೆಗೆ ಸೇತುವೆ ನೀವೇ ಕಟ್ಟಿ. ಉತ್ತರ ಇಪ್ಪತ್ತಮೂರು ಸಾವಿರಕ್ಕೆ ಸ್ವಲ್ಪವೇ ಕಡಿಮೆ ಬಂದರೆ ನೀವು ಸರಿ ದಾರಿಯಲ್ಲಿದ್ದೀರಿ.